ತಾಕ್ ಬಾಯ್: 20 ವರ್ಷ ಕಾದವರಿಗೆ ಸಿಕ್ಕಿದ್ದೇನು?

ಥಾಯ್ಲೆಂಡ್ ಅಂದ ಕೂಡಲೇ ನಮ್ಮ ಯುವಕರಿಗೆ ಫುಕೆಟ್, ಪಟ್ಟಾಯ ನೆನಪಾಗುತ್ತದೆ. ಅದೇ ದೇಶದ ದಕ್ಷಿಣ ತುದಿಯಲ್ಲಿ, ನಾರಾತಿವಾತ್ ಪ್ರಾಂತ್ಯದಲ್ಲಿ, ತಾಕ್ ಬಾಯ್ ಎಂಬ ಗಡಿ ಜಿಲ್ಲೆಯಿದೆ. ಗೊಲೊಕ್ ನದಿ ಸಮುದ್ರ ಸೇರುವ ಜಾಗ. ಈ ದಡ ಥಾಯ್ಲೆಂಡ್, ಆ ದಡ ಮಲೇಷ್ಯಾದ ಕೆಲಂತಾನ್. ಎರಡೂ ಕಡೆ ಹೆಚ್ಚಿನವರು ಮಲಾಯ್ ಮಾತಾಡುವ ಮುಸ್ಲಿಮರು.

ಒಂದು ಕಾಲದಲ್ಲಿ ಇದು ಪಟಾನಿ ಸುಲ್ತಾನರ ಸೀಮೆ. 1786ರಲ್ಲಿ ಸಿಯಾಮ್ ಅದನ್ನು ಗೆದ್ದಿತು. ಆದರೆ ಈಗಿನ ಗಡಿ ಗೆರೆ ಎಳೆದದ್ದು 1909ರ ಬ್ರಿಟಿಷ್-ಸಿಯಾಮ್ ಒಪ್ಪಂದ. ಕೆಲಂತಾನ್ ಬ್ರಿಟಿಷರ ಪಾಲಾಯಿತು, ಪಟಾನಿ ಸಿಯಾಮಿನಲ್ಲೇ ಉಳಿಯಿತು. ತಾಕ್ ಬಾಯ್ ಉಳಿದದ್ದು ಅಲ್ಲಿನ ಚೊಂತಾರಾ ಸಿಂಗ್ಹೆ ಬೌದ್ಧ ವಿಹಾರದ ಪುರಾವೆಯಿಂದ ಅಂತ ಥಾಯ್ ಚರಿತ್ರೆ ಹೇಳುತ್ತದೆ. ಹೀಗೆ ಈಚೆ ಮಲಾಯ್ ಮುಸ್ಲಿಮರು ಉಳಿದರು, ಆಚೆ ಕೆಲಂತಾನಿನಲ್ಲಿ ಥಾಯ್ ಬೌದ್ಧರ ಹಳ್ಳಿಗಳು ಉಳಿದವು. ಅವರನ್ನು ಯಾರು ಕೇಳಿದ್ದರು ಮಾರಾಯ್ರೆ?

2004ರ ಅಕ್ಟೋಬರ್ 25, ರಮಝಾನ್ ತಿಂಗಳು. ಬಂಧಿಸಿದ್ದ ಆರು ಮಂದಿಯನ್ನು ಬಿಡಿ ಎಂದು ಜನ ತಾಕ್ ಬಾಯ್ ಪೊಲೀಸ್ ಠಾಣೆ ಮುಂದೆ ಸೇರಿದರು. ಗೋಲಿಬಾರಿಗೆ ಏಳು ಮಂದಿ ಬಲಿಯಾದರು. ಸುಮಾರು 1,300 ಜನರನ್ನು ಹಿಡಿದು, ಕೈ ಹಿಂದಕ್ಕೆ ಕಟ್ಟಿ, ಸೇನಾ ಲಾರಿಗಳಲ್ಲಿ ಒಬ್ಬರ ಮೇಲೊಬ್ಬರಂತೆ ಬೋರಲು ಮಲಗಿಸಿ ಪಟಾನಿಯ ಸೇನಾ ಶಿಬಿರಕ್ಕೆ ಸಾಗಿಸಲಾಯಿತು. ಗಂಟೆಗಟ್ಟಲೆ ಪ್ರಯಾಣ. ದಾರಿಯಲ್ಲೇ 78 ಮಂದಿ ಉಸಿರುಗಟ್ಟಿ ಸತ್ತರು. ಉಪವಾಸದಿಂದ ನಿತ್ರಾಣರಾಗಿದ್ದರು ಎಂಬುದು ಆಗಿನ ಪ್ರಧಾನಿ ತಕ್ಸಿನ್ ಶಿನವಾತ್ರ ಕೊಟ್ಟ ವಿವರಣೆ. ಲಾರಿಯಲ್ಲಿ ಪೇರಿಸಿದ್ದರ ಬಗ್ಗೆ ಮಾತಾಡದೆ ನೋಂಬನ್ನು ಹೊಣೆ ಮಾಡಿದ್ದನ್ನು ಅಲ್ಲಿಯ ಜನ ಇಂದಿಗೂ ಮರೆತಿಲ್ಲ.

2009ರಲ್ಲಿ ಮರಣ ವಿಚಾರಣೆ ನಡೆಸಿದ ನ್ಯಾಯಾಲಯ, ಉಸಿರುಗಟ್ಟಿ ಸತ್ತಿದ್ದಾರೆ, ಅಧಿಕಾರಿಗಳು ಕರ್ತವ್ಯ ಮಾಡುತ್ತಿದ್ದರು ಎಂದಿತು. ಮುಂದೆ ಯಿಂಗ್ಲಕ್ ಸರಕಾರ ಪರಿಹಾರ ಕೊಟ್ಟಿತು. ಶಿಕ್ಷೆ ಮಾತ್ರ ಯಾರಿಗೂ ಆಗಲಿಲ್ಲ. ಕೊನೆಗೆ 2024ರಲ್ಲಿ ಕುಟುಂಬಗಳೇ ಕೋರ್ಟಿಗೆ ಹೋದವು. ಆಗಸ್ಟಿನಲ್ಲಿ ನ್ಯಾಯಾಲಯ ಏಳು ಮಾಜಿ ಅಧಿಕಾರಿಗಳ ವಿರುದ್ಧ ಮೊಕದ್ದಮೆ ಸ್ವೀಕರಿಸಿತು. ಅವರಲ್ಲಿ ಒಬ್ಬರು ಅಂದಿನ ಸೇನಾ ಕಮಾಂಡರ್ ಪಿಸಾನ್, ಆಗ ಆಡಳಿತ ಪಕ್ಷದ ಸಂಸದ. ಚಿಕಿತ್ಸೆಗೆಂದು ವಿದೇಶಕ್ಕೆ ಹೋದವರು ಬರಲೇ ಇಲ್ಲ. ಉಳಿದವರೂ ಕೋರ್ಟಿಗೆ ಸಿಗಲಿಲ್ಲ.

ಅಲ್ಲಿನ ಕಾನೂನಿನಲ್ಲಿ ಕೊಲೆ ಪ್ರಕರಣಕ್ಕೂ 20 ವರ್ಷಗಳ ಗಡುವಿದೆ. ಅಷ್ಟರೊಳಗೆ ಆರೋಪಿ ಕೋರ್ಟಿನ ಮುಂದೆ ಬರಬೇಕು. ಗಡುವಿನ ಮುನ್ನಾದಿನ ಪ್ರಧಾನಿ ಪೆಟೊಂಗ್‌ಟಾರ್ನ್, ತಕ್ಸಿನ್ ಮಗಳೇ, ಕ್ಷಮೆ ಕೇಳಿದರು. ಗಡುವು ವಿಸ್ತರಿಸಲು ಮಾತ್ರ ಸಾಧ್ಯವಿಲ್ಲ ಅಂದರು. ಅಕ್ಟೋಬರ್ 28ರಂದು ನ್ಯಾಯಾಲಯ ಮೊಕದ್ದಮೆ ಕೈಬಿಟ್ಟಿತು. ವಿಚಿತ್ರ ನೋಡಿ: ಅದೇ ದೇಶದ ಭ್ರಷ್ಟಾಚಾರ ತಡೆ ಕಾನೂನಿನಲ್ಲಿ ಆರೋಪಿ ತಲೆಮರೆಸಿಕೊಂಡಷ್ಟು ದಿನ ಗಡುವಿನ ಲೆಕ್ಕಕ್ಕೆ ಬರುವುದಿಲ್ಲ. ಲಂಚದ ಕೇಸಿಗೆ ಇರುವ ಆ ಬಿಗಿ 85 ಜೀವಗಳ ಕೇಸಿಗೆ ಇರಲಿಲ್ಲ.