ಕೆಮಿಕಲ್ ಪೀಲ್ ನಂತರದ ಮೊಡವೆ: ಅವಸರವೇ ಅಪಾಯ

ಮದುವೆ, ನಿಶ್ಚಿತಾರ್ಥಗಳಿಗೆ ಮುನ್ನ ಮುಖದ ಕಾಂತಿಗಾಗಿ ‘ಕೆಮಿಕಲ್ ಪೀಲ್’ ಮಾಡಿಸಿಕೊಳ್ಳುವವರುಂಟು. ಗ್ಲೈಕಾಲಿಕ್, ಸ್ಯಾಲಿಸಿಲಿಕ್ ಮೊದಲಾದ ಆಮ್ಲಗಳಿಂದ ಚರ್ಮದ ಮೇಲ್ಪದರವನ್ನು ಉದುರಿಸುವ ಚಿಕಿತ್ಸೆಯಿದು. ಇದಾದ ಕೆಲವೇ ದಿನಗಳಲ್ಲಿ ಕೆಲವರಿಗೆ ಮೊಡವೆಗಳು ಏಳುತ್ತವೆ. ಆಗ ಉಂಟಾಗುವ ಗಾಬರಿಯೇ ಮೊಡವೆಗಿಂತ ಹೆಚ್ಚು ಹಾನಿಕರವೆಂಬುದು ನಮ್ಮ ಅಭಿಪ್ರಾಯ.

ಗಾಬರಿಗೊಂಡವರು ಮೊಡವೆಯನ್ನು ಹಿಸುಕುತ್ತಾರೆ, ಸುಲಿಯುತ್ತಿರುವ ಸಿಪ್ಪೆಯನ್ನು ಕೀಳುತ್ತಾರೆ, ನಿಂಬೆರಸ ಹಚ್ಚುತ್ತಾರೆ. ನಮ್ಮ ಕಂದುಬಣ್ಣದ ಚರ್ಮದಲ್ಲಿ ಇಂತಹ ಗಾಯಗಳು ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆಗಳಾಗಬಲ್ಲವು. ಇನ್ನು ಕೆಲವರು ಔಷಧದಂಗಡಿಯಿಂದ ಸ್ಟೀರಾಯ್ಡ್ ಮುಲಾಮು ತರುತ್ತಾರೆ. ಅದರಿಂದ ಕೆಂಪು ಬೇಗ ಇಳಿದರೂ, ಬಳಕೆ ಮುಂದುವರಿದರೆ ಚರ್ಮ ತೆಳುವಾಗಿ ಮೊಡವೆಗಳು ಮತ್ತಷ್ಟು ಹೆಚ್ಚಬಹುದು. ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿಯೇ ನಿಯಮ ಮಾಡಿದೆ.

ಪಾಲಿಸಬೇಕಾದುದು ಸರಳ. ಸೌಮ್ಯವಾದ ಕ್ಲೆನ್ಸರ್‌ನಿಂದ ಮುಖ ತೊಳೆದು, ಸುಗಂಧವಿಲ್ಲದ, ಜಿಡ್ಡಿಲ್ಲದ ಮಾಯಿಶ್ಚರೈಸರ್ ಹಚ್ಚಬೇಕು. ಹಗಲಿನಲ್ಲಿ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಅವಶ್ಯಕ. ಹಳೆಯ ಮೊಡವೆ ಮುಲಾಮನ್ನು ವೈದ್ಯರನ್ನು ಕೇಳದೆ ಮತ್ತೆ ಆರಂಭಿಸಕೂಡದು. ನೋವುಳ್ಳ ನೀರ್ಗುಳ್ಳೆ, ಕೀವು, ಜ್ವರ ಕಂಡುಬಂದರೆ ಅದು ಮೊಡವೆಯಲ್ಲ, ಸೋಂಕಾಗಿರಬಹುದು. ಅಂದೇ ಚರ್ಮರೋಗ ತಜ್ಞರನ್ನು ಕಾಣಬೇಕು.

ಶುಭಕಾರ್ಯ ವಾರವಿರುವಾಗ ಮೊದಲ ಬಾರಿಗೆ ಪೀಲ್ ಮಾಡಿಸುವುದು ವಿವೇಕವಲ್ಲ. ಎರಡು ಮೂರು ತಿಂಗಳು ಮುಂಚಿತವಾಗಿಯೇ ತಜ್ಞರ ಸಲಹೆ ಪಡೆಯುವುದು ಲೇಸು. ಮನೆಯ ಹೆಣ್ಣುಮಗಳಿಗೆ ‘ಬಣ್ಣ ಬರಲಿ’ ಎಂದು ಅವಸರಪಡಿಸುವ ಹಿರಿಯರು ಇದನ್ನು ಮೊದಲು ಅರಿಯಬೇಕು.