ತರಗಿನ ಬೆಂಕಿ, ಮೋಡದ ಕಾನು

ಬೆಂಗಳೂರಿನ ನಮ್ಮ ಜೀವನ್ ಬಿಮಾ ನಗರದಲ್ಲಿ ಇನ್ನೂ ಮನೆಯೇಳದೆ ಉಳಿದಿರುವ ಒಂದೆರಡು ನಿವೇಶನಗಳ ಅಂಚಿನಲ್ಲಿ, ಹಳದಿ ಕೆಂಪು ಹೂಗೊಂಚಲುಗಳನ್ನು ಮುಡಿದು ಯಾರ ಆರೈಕೆಯನ್ನೂ ಬೇಡದೆ ಬೆಳೆದಿರುವ ಲಂಟಾನದ ಪೊದೆಯ ಕಡೆಗೆ ದಾರಿಹೋಕರು ಕಣ್ಣು ಹಾಯಿಸುವುದೂ ಅಪರೂಪ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಆಂಗ್ಲರು ಅಮೆರಿಕದ ಉಷ್ಣವಲಯದಿಂದ ಉದ್ಯಾನಾಲಂಕಾರಕ್ಕೆಂದು ತರಿಸಿದ ಈ ಗಿಡವು ಇಲ್ಲಿ ಬೇಲಿಯಾಗಿ ನಿಂತು ನಿರುಪದ್ರವಿ ಎನಿಸಿಕೊಂಡಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿಯಾದರೋ ಇದೇ ಗಿಡವು ಅರಣ್ಯಶಾಸ್ತ್ರದ ಒಂದು ಹಳೆಯ ನಂಬಿಕೆಯನ್ನೇ ಅಲುಗಿಸಿತು.

ಚಾಮರಾಜನಗರದ ಬಯಲಿನಿಂದ ಮೇಲೆದ್ದು ಸುಮಾರು 1,800 ಮೀಟರು ಎತ್ತರಕ್ಕೇರುವ ಈ ಗಿರಿಶ್ರೇಣಿಯು ಪಶ್ಚಿಮ ಘಟ್ಟಗಳಿಗೂ ಪೂರ್ವ ಘಟ್ಟಗಳಿಗೂ ನಡುವಣ ಸೇತುವಾಗಿದ್ದು, ಪಾದದಲ್ಲಿ ಮುಳ್ಳುಕುರುಚಲನ್ನೂ ನಡುವಿನಲ್ಲಿ ಎಲೆಯುದುರುವ ಕಾಡನ್ನೂ ನೆತ್ತಿಯಲ್ಲಿ ಹುಲ್ಲುಗಾವಲನ್ನೂ ಆ ಹುಲ್ಲಿನ ಮಡಿಕೆಗಳಲ್ಲಿ ಹುದುಗಿದ ಶೋಲಾ ಕಾನನ್ನೂ ಧರಿಸಿಕೊಂಡಿದೆ. ಈ ಶೋಲಾದಲ್ಲಿ ಮಳೆಯಿಲ್ಲದ ದಿನವೂ ಮಂಜು ಬಂದು ಕೊಂಬೆಗಳನ್ನು ತಡವಿತೆಂದರೆ ಎಲೆಎಲೆಯ ಮೇಲೂ ಹನಿಗಟ್ಟಿ ನೆಲಕ್ಕೆ ತೊಟ್ಟಿಕ್ಕುವುದು. ಹಾವಸೆಯೂ ಜರೀಗಿಡಗಳೂ ಸೀತಾಳೆಯೂ ಬದುಕುವುದು ಇದರಿಂದಲೇ. ಕಾವೇರಿಯನ್ನು ಸೇರುವ ಸುವರ್ಣಾವತಿಯೂ ಈ ಬೆಟ್ಟಗಳ ನೀರನ್ನೇ ಹೊತ್ತು ಇಳಿಯುವುದು.

1974ರಲ್ಲಿ ಈ ಕಾಡು ವನ್ಯಜೀವಿಧಾಮವಾಯಿತು. ಅಂದಿನಿಂದ ಈ ಬೆಟ್ಟದ ಮೂಲನಿವಾಸಿಗಳಾದ ಸೋಲಿಗರ ಬೇಟೆಯೂ ಕುಮರಿ ಬೇಸಾಯವೂ ನಿಂತವು. ಅವರು ಕಾಡಿನ ತರಗಿಗೆ ಹಚ್ಚುತ್ತಿದ್ದ ಬೆಂಕಿಯೂ ಅಪರಾಧವಾಯಿತು. ಅರಣ್ಯಕ್ಕೆ ಬೆಂಕಿಯೇ ಪರಮಶತ್ರುವೆಂದು ಪಾಠ ಕಲಿತಿದ್ದ ಅಧಿಕಾರಿಗಳಿಗೆ ಇದರಲ್ಲಿ ಸಂದೇಹಕ್ಕೆ ಎಡೆಯೇ ಕಾಣಿಸಿರಲಾರದು. ಆದರೆ ಸೋಲಿಗರ ಹಾಡಿಗಳಾದ ಪೋಡುಗಳ ಹಿರಿಯರು ಹೇಳುತ್ತಿದ್ದುದೇ ಬೇರೆ: ಬೇಸಗೆ ಬಲಿಯುವುದಕ್ಕೆ ಮೊದಲೇ, ನೆಲದಲ್ಲಿ ತೇವ ಆರದಿರುವಾಗಲೇ, ಉದುರಿದೆಲೆಗೆ ಹಚ್ಚುತ್ತಿದ್ದ ‘ತರಗು ಬೆಂಕಿ’ಯು ಮೊಣಕಾಲೆತ್ತರದಲ್ಲಿಯೇ ಹರಿದು ಆರಿಹೋಗುತ್ತಿತ್ತು, ಅದು ನಿಂತ ಮೇಲೆ ಲಂಟಾನವು ಹಬ್ಬಿತು, ನೆಲ್ಲಿಮರಗಳ ಮೇಲೆ ಬಂದಣಿಕೆಯು ಹೆಚ್ಚಿ ಫಲ ಕುಗ್ಗಿತು.

ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆಯಾದ ಏಟ್ರೀಯ ಸಂಶೋಧಕರು ಈ ಮಾತನ್ನು ಹಳ್ಳಿಗಾಡಿನ ಪುರಾಣವೆಂದು ತಳ್ಳಿಹಾಕದೆ ಪರೀಕ್ಷೆಗೆ ಒಡ್ಡಿದರೆಂಬುದು ಅವರ ಹಿರಿಮೆ. 1997ರಲ್ಲಿ ಗುರುತುಮಾಡಿಟ್ಟಿದ್ದ 134 ತಾಕುಗಳನ್ನು 2008ರಲ್ಲಿ ಮರಳಿ ನೋಡಿದಾಗ, ಲಂಟಾನವಿದ್ದ ತಾಕುಗಳ ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಇದೊಂದರಿಂದಲೇ ಹಿರಿಯರ ಕಾರಣನಿರೂಪಣೆ ಸಿದ್ಧವಾಯಿತೆಂದು ಹೇಳುವುದು ದುಡುಕಾದೀತು. ಬೆಂಕಿಯ ನಿಷೇಧದ ಜೊತೆಗೆ ಬೇರೆ ಕಾರಣಗಳೂ ಕೂಡಿರಬಹುದು. ಆದರೂ ದಶಕಗಳ ಕಾಲ ಯಾರೂ ಕೇಳದಿದ್ದ ಒಂದು ಸಾಕ್ಷ್ಯಕ್ಕೆ ವಿಜ್ಞಾನದ ಕಟಕಟೆಯಲ್ಲಿ ನಿಲ್ಲುವ ಯೋಗ್ಯತೆಯುಂಟೆಂಬುದು ಖಚಿತವಾಯಿತು.

ಹಾಗೆಂದು ಹಳೆಯ ಬೆಂಕಿಯನ್ನು ಇಂದಿನ ಕಾಡಿಗೆ ಹಾಗೆಯೇ ಮರಳಿಸಿರೆಂದು ಹೇಳುವವನು ನಾನಲ್ಲ. ಆಳೆತ್ತರ ಮೀರಿ ಹೆಣೆದುಕೊಂಡ ಲಂಟಾನದ ಒಣಕಡ್ಡಿಗಳೊಳಕ್ಕೆ ಬಿದ್ದ ಕಿಡಿಯು ತರಗಿನ ಮೇಲೆ ಹರಿಯದೆ ಮರದ ತಲೆಗೇ ಏರುವುದು. ಬೆಂಕಿಯು ಹುಲ್ಲನ್ನು ಸುಟ್ಟು ಬಂದರೆ ಶೋಲಾದ ಅಂಚಿನ ಎಳೆಯ ಸಸಿಗಳು ಉಳಿಯವು. ಕಾಡನ್ನು ಮುಟ್ಟದೆ ಬಿಡುವುದೇ ರಕ್ಷಣೆಯೆಂಬ ತತ್ತ್ವವು ಎಷ್ಟು ಅಪೂರ್ಣವೋ, ಪೂರ್ವಿಕರು ಮಾಡಿದ್ದೆಲ್ಲವೂ ಇಂದಿಗೂ ಸಾಧುವೆಂಬುದು ಅಷ್ಟೇ ಅಪೂರ್ಣ.

2011ರಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವೆನಿಸಿತು. ಅದೇ ವರ್ಷ ಸೋಲಿಗರ ಗ್ರಾಮಸಭೆಗಳಿಗೆ ಅರಣ್ಯಹಕ್ಕು ಕಾಯಿದೆಯ ಮೇರೆಗೆ ಸಾಮುದಾಯಿಕ ಹಕ್ಕುಪತ್ರಗಳೂ ದೊರೆತವು. ಜೇನು, ನೆಲ್ಲಿ, ಪಾಚಿಗಳ ಸಂಗ್ರಹಕ್ಕೆ ದಾರಿ ತೆರೆಯಿತು. ಬೆಂಕಿಯ ಪ್ರಶ್ನೆ ಮಾತ್ರ ಇದ್ದಲ್ಲಿಯೇ ಇದೆ. ಶೋಲಾದಿಂದ ದೂರವಾದ, ಎಲೆಯುದುರುವ ಕಾಡಿನ ಕೆಲವು ಎಕರೆಗಳಲ್ಲಿ ಮೊದಲು ಲಂಟಾನವನ್ನು ಬೇರುಸಹಿತ ಕಿತ್ತು, ಆಮೇಲೆ ಹಿರಿಯರ ಮೇಲ್ವಿಚಾರಣೆಯಲ್ಲಿ, ಅರಣ್ಯ ಇಲಾಖೆಯ ಸಮ್ಮುಖದಲ್ಲಿ, ತರಗಿಗೆ ಬೆಂಕಿಯಿಟ್ಟು ನಾಲ್ಕಾರು ವರ್ಷ ಲೆಕ್ಕವಿಡುವುದರಿಂದ ಹಾನಿಗಿಂತ ಜ್ಞಾನವೇ ಹೆಚ್ಚೆಂದು ನನಗೆ ತೋರುವುದು. ಆ ಬೆಂಕಿಯನ್ನು ಕೈಯಾರೆ ಹಚ್ಚಿ ಬಲ್ಲವರು ಈಗ ವೃದ್ಧರು. ಪರೀಕ್ಷೆಯನ್ನು ಮುಂದೂಡಿದಷ್ಟೂ ಅದನ್ನು ನಡೆಸಿಕೊಡಬಲ್ಲವರ ಸಂಖ್ಯೆ ಕಡಮೆಯಾಗುತ್ತ ಹೋಗುವುದು.