ಕ್ಯಾಮೆರಾಕ್ಕೂ ಒಂದು ಅಹವಾಲು ಸಭೆ ಬೇಕು

ಊರಿನ ಪಕ್ಕ ಸಿಮೆಂಟ್ ಕಾರ್ಖಾನೆ ಬರುವುದಿದ್ದರೆ ಅದಕ್ಕೊಂದು ಕಟ್ಟಳೆ ಇದೆ. 2006ರ ಪರಿಸರ ಅಧಿಸೂಚನೆಯ ಪ್ರಕಾರ ಕನಿಷ್ಠ 30 ದಿನ ಮೊದಲೇ ನೋಟಿಸ್ ಹೊರಡಬೇಕು, ಯೋಜನೆಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಜಿಲ್ಲಾಧಿಕಾರಿಯೋ ಅವರ ಪರವಾಗಿ ಬಂದ ಅಧಿಕಾರಿಯೋ ಕೂತಿರುವಾಗ ಊರವರು ಮೈಕ್ ಹಿಡಿದು ಬೈಯಬಹುದು. ಎಷ್ಟೋ ಸಭೆಗಳು ಶಾಮಿಯಾನ, ಟೀ, ಗದ್ದಲದಲ್ಲೇ ಮುಗಿದುಹೋಗುತ್ತವೆ, ಅದು ಬೇರೆ ಮಾತು. ಕೇಳಲೇಬೇಕೆಂಬ ನಿಯಮವಾದರೂ ಇದೆಯಲ್ಲ. ಅದೇ ಊರಿನ ಸರ್ಕಲ್ಲಿಗೆ ಮುಖ ಗುರುತಿಸುವ ಕ್ಯಾಮೆರಾ ತರುವುದಾದರೆ ಯಾವ ಕಾನೂನೂ ಯಾರನ್ನೂ ಕೇಳಿ ಎನ್ನುವುದಿಲ್ಲ. ಟೆಂಡರ್ ಕರೆದರೆ ಸಾಕು.

ಮುಂದೇನು ಬರುತ್ತದೆ ಎಂದು ಹೇಳುವವರಿಗೆ ನಮ್ಮಲ್ಲಿ ಬರವಿಲ್ಲ. ದೆಹಲಿಯಲ್ಲಿ 1988ರಿಂದಲೂ ಟೈಫ್ಯಾಕ್ ಎಂಬ ಮಂಡಳಿ ಇದೆ. ತಂತ್ರಜ್ಞಾನದ ಮುನ್ನೋಟ, ಮೌಲ್ಯಮಾಪನ ಎರಡೂ ಅದರ ಕೆಲಸ. ಅಬ್ದುಲ್ ಕಲಾಂ ಅದರ ಅಧ್ಯಕ್ಷರಾಗಿದ್ದಾಗ, 1996ರಲ್ಲಿ, ನಮ್ಮ ದೇವೇಗೌಡರು ಪ್ರಧಾನಿಯಾಗಿದ್ದ ಕಾಲಕ್ಕೆ, 2020ರ ಭಾರತ ಹೇಗಿರಬೇಕೆಂಬ ಸಂಪುಟಗಳು ಹೊರಬಂದವು. 2035ರದ್ದು 2016ರ ಜನವರಿಯಲ್ಲಿ ಮೈಸೂರಿನ ವಿಜ್ಞಾನ ಕಾಂಗ್ರೆಸ್ಸಿನಲ್ಲೇ ಬಿಡುಗಡೆಯಾಯಿತು. ತಜ್ಞರು ಕೂತು ಬರೆದದ್ದು, ತಳ್ಳಿಹಾಕುವಂಥದ್ದಲ್ಲ. ಆದರೆ ಬರುವುದು ಯಾರ ತಲೆಯ ಮೇಲೆ ಬರುತ್ತದೆ, ಅವರಿಗೆ ‘ಬೇಡ’ ಅನ್ನಲು ಬರುತ್ತದೆಯೇ ಎಂಬುದನ್ನು ವಿಚಾರಿಸಲು ತಜ್ಞರ ಸಂಪುಟ ಸಾಲದು.

ವಿಚಾರಿಸುವುದಾದರೂ ಯಾವಾಗ? ಇಂಗ್ಲೆಂಡಿನ ವಿದ್ವಾಂಸ ಡೇವಿಡ್ ಕಾಲಿಂಗ್ರಿಡ್ಜ್ 1980ರಲ್ಲಿ ಇದರ ತೊಡಕನ್ನು ಬಿಡಿಸಿಟ್ಟಿದ್ದ. ತಂತ್ರಜ್ಞಾನ ಹೊಸದಾಗಿದ್ದಾಗ ತಿದ್ದುವುದು ಸುಲಭ, ಆದರೆ ಏನು ಕೆಡುಕಾದೀತೆಂದು ಆಗ ಗೊತ್ತಿರುವುದಿಲ್ಲ. ಗೊತ್ತಾಗುವ ಹೊತ್ತಿಗೆ ಅದು ಬೇರು ಬಿಟ್ಟಿರುತ್ತದೆ, ಕೀಳಲು ಕೈಯಲ್ಲಾಗುವುದಿಲ್ಲ. ಈ ಮಾತಿನ ಎರಡೂ ತುದಿಗಳನ್ನು ನಾವು ಕಂಡಿದ್ದೇವೆ. ಒಂದು ತುದಿಯಲ್ಲಿ ಬದನೆಕಾಯಿ, ಇನ್ನೊಂದರಲ್ಲಿ ಆಧಾರ್.

ಬದನೆಯ ಕಥೆ ಮರೆತವರಿಗೆ: ಕುಡಿ ಮತ್ತು ಕಾಯಿ ಕೊರೆಯುವ ಹುಳುವನ್ನು ಕೊಲ್ಲಲು ಮಣ್ಣಿನ ಬ್ಯಾಕ್ಟೀರಿಯಾವೊಂದರ ಜೀನನ್ನು ಗಿಡಕ್ಕೇ ಸೇರಿಸಿ ಬಿಟಿ ಬದನೆ ಮಾಡಿದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಈ ಕೆಲಸದಲ್ಲಿತ್ತು. ಅಲ್ಲಿ ಕೈಗೆತ್ತಿಕೊಂಡ ನಾಡತಳಿಗಳ ಪಟ್ಟಿಯಲ್ಲಿ ಉಡುಪಿಯ ಗುಳ್ಳವೂ ಇತ್ತು. ಮಟ್ಟುಗುಳ್ಳವೆಂದರೆ ಗೊತ್ತಲ್ಲ, ತಿಳಿಹಸಿರು ಮೈಮೇಲೆ ಬಿಳಿ ಗೀರು, ತೆಳು ಸಿಪ್ಪೆ, ಹುಳಿಗೆ ಹಾಕಿದರೆ ಬೇಗ ಬೇಯುತ್ತದೆ. ಯತಿ ವಾದಿರಾಜರು ಕೊಟ್ಟ ಬೀಜ ಎಂಬುದು ಮಟ್ಟು ಊರಿನ ನಂಬಿಕೆ, ಉಡುಪಿ ಮಠದ ಪರ್ಯಾಯೋತ್ಸವದ ಊಟಕ್ಕೆ ಅದೇ ಆಗಬೇಕು. ಇಂಥ ಕಾಯಿಯ ಬೀಜಕ್ಕೆ ಕೈಹಾಕುವ ಮುನ್ನ ಮಟ್ಟುವಿನವರನ್ನು ಒಂದು ಮಾತು ಕೇಳಬೇಕಾಗಿತ್ತು ಎಂದರೆ ಅದು ವಿಜ್ಞಾನ ವಿರೋಧವಾಗುತ್ತದೆಯೇ?

2009ರ ಅಕ್ಟೋಬರಿನಲ್ಲಿ ಕೇಂದ್ರದ ತಜ್ಞ ಸಮಿತಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಅಲ್ಲಿಗೇ ಬಿಡದೆ ಏಳು ನಗರಗಳಲ್ಲಿ ಬಹಿರಂಗ ಸಭೆ ಕರೆದರು. ಕೊನೆಯದು 2010ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ. ಪುಸ್ತಕದ ಬದನೆಕಾಯಿಯೂ ಹೊಲದ ಬದನೆಕಾಯಿಯೂ ಎದುರುಬದುರಾದ ಸಭೆಗಳವು. ಮೂರೇ ದಿನಕ್ಕೆ ತಡೆಯ ಆದೇಶ ಬಂತು. ರಾಜ್ಯ ಸರ್ಕಾರಗಳೂ ಬೇಡವೆಂದು ಬರೆದಿದ್ದವು, ಕರ್ನಾಟಕವೂ ಸೇರಿ. ಇದಕ್ಕೂ ಮುನ್ನ, 1998ರಲ್ಲಿ, ಬಿಟಿ ಹತ್ತಿಯ ಪ್ರಯೋಗದ ತಾಕುಗಳಿಗೆ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ರಾಯಚೂರು ಸೀಮೆಯಲ್ಲಿ ಬೆಂಕಿ ಇಟ್ಟಿತ್ತು. ಹೊಲದ ಯಜಮಾನನಿಗೇ ಬಿತ್ತಿದ್ದೇನೆಂದು ಹೇಳಿರಲಿಲ್ಲ ಎಂಬುದು ಆಗಿನ ದೂರು. ಮೈಕ್ ಕೊಡದಿದ್ದಲ್ಲಿ ಕಡ್ಡಿ ಗೀರುವವರು ಇದ್ದೇ ಇರುತ್ತಾರೆ.

ಬದನೆಯ ತೀರ್ಮಾನ ಪೂರ್ತಿ ಸರಿ ಎಂದು ನಾನು ವಾದಿಸುವುದಿಲ್ಲ. ಬಾಂಗ್ಲಾದೇಶ 2013ರಲ್ಲೇ ಒಪ್ಪಿಗೆ ಕೊಟ್ಟು ಬೆಳೆಯುತ್ತಿದೆ. ನಮ್ಮಲ್ಲಿ ಔಷಧಿ ಹೊಡೆದ ಬದನೆಯನ್ನೇ ತಿನ್ನುತ್ತಿದ್ದೇವೆ. ಸ್ವತಂತ್ರ ಅಧ್ಯಯನಗಳು ಸುರಕ್ಷತೆಯನ್ನು ಖಚಿತಪಡಿಸುವವರೆಗೆ ಎಂದು ಹೇಳಿದ್ದ ತಡೆ ಹದಿನೈದು ವರ್ಷ ದಾಟಿದೆ. ತಡೆಯುವುದೂ ಒಂದು ನಿರ್ಧಾರವೇ, ಅದಕ್ಕೂ ಲೆಕ್ಕ ಒಪ್ಪಿಸಬೇಕು. ಆದರೂ ಬಿತ್ತುವ ಮೊದಲು ಕೇಳಿದರಲ್ಲ, ಆ ಕ್ರಮ ಸರಿ.

ಆಧಾರ್‌ನಲ್ಲಿ ಆದದ್ದು ತಿರುವುಮುರುವು. ಮೊದಲ ಸಂಖ್ಯೆ ಕೊಟ್ಟದ್ದು 2010ರಲ್ಲಿ, ಕಾನೂನು ಬಂದದ್ದು 2016ರಲ್ಲಿ. ಕಾನೂನಿನ ಮಸಿ ಆರುವಷ್ಟರಲ್ಲಿ ಸಂಖ್ಯೆ ಪಡೆದವರು 100 ಕೋಟಿ ದಾಟಿದ್ದರು. ಪ್ರಶ್ನೆ ಎತ್ತಿದವರು ಬೆಂಗಳೂರಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಎಂಬತ್ತು ದಾಟಿದ ಮೇಲೆ, 2012ರಲ್ಲಿ. ಅವರ ಅರ್ಜಿಯಿಂದಲೇ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ ಹೇಳಿತು. ಆದರೆ 2018ರ ಸೆಪ್ಟೆಂಬರಿನಲ್ಲಿ ಆಧಾರ್ ಬಗ್ಗೆಯೇ ತೀರ್ಪು ಬಂದಾಗ ಖಾಸಗಿ ಕಂಪನಿಗಳ ಕೈಗೆ ಕಡಿವಾಣ ಬಿತ್ತೇ ಹೊರತು ಪಡಿತರಕ್ಕೆ ಆಧಾರ್ ಉಳಿಯಿತು. ಹಾಗಾಗಿ ನ್ಯಾಯಬೆಲೆ ಅಂಗಡಿಯ ಮುಂದೆ ಈಗಲೂ ಕೇಳುವ ಮಾತು: ‘ಥಂಬ್ ತಗೊಳ್ತಿಲ್ಲ ಅಜ್ಜಿ, ಕೈ ಒರೆಸ್ಕೊಂಡು ಇನ್ನೊಂದ್ಸಲ ಇಡಿ.’ ಅಜ್ಜಿ ಸೆರಗಿಗೆ ಬೆರಳು ಒರೆಸುತ್ತಾಳೆ, ಇನ್ನೊಂದು ಬೆರಳು ಇಡುತ್ತಾಳೆ. ಬೀಡಿ ಕಟ್ಟಿ, ಕಳೆ ಕಿತ್ತು ಸವೆದ ಬೆರಳಿನಲ್ಲಿ ಗೆರೆ ಮೂಡುವುದಿಲ್ಲವೆಂಬುದನ್ನು ಮೊದಲೇ ಹೇಳಬಲ್ಲವರು ಅಜ್ಜಿಯಂಥವರೇ ಆಗಿದ್ದರು. ಅವರನ್ನು ಕೇಳಲು ಒಂದು ಸಭೆ ಇರಲಿಲ್ಲ.

ಈಗ ಸಾಲಿನಲ್ಲಿ ಕೃತಕ ಬುದ್ಧಿಮತ್ತೆ ನಿಂತಿದೆ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ 2022ರ ಡಿಸೆಂಬರಿನಿಂದ ಮುಖವೇ ಬೋರ್ಡಿಂಗ್ ಪಾಸ್. ಅಲ್ಲಿ ಬೇಡವೆಂದವರಿಗೆ ಬೇರೆ ಸಾಲಿದೆ. ರಸ್ತೆಯ ಕ್ಯಾಮೆರಾದ ಮುಂದೆ ಬೇರೆ ಸಾಲು ಎಲ್ಲಿಂದ ಬರಬೇಕು? ಮುಂದೆ ಪಿಂಚಣಿಗೆ ಯಾರು ಅರ್ಹರು, ಯಾರ ಮೇಲೆ ಕಣ್ಣಿಡಬೇಕು ಎಂದು ಯಂತ್ರವೇ ಆರಿಸತೊಡಗಿದರೆ, ತಪ್ಪಾದಾಗ ಯಾವ ಕೌಂಟರಿಗೆ ಹೋಗಿ ಕೇಳುವುದು?

ಹೊಸ ತಂತ್ರಜ್ಞಾನದ ಪರಿಣಾಮವನ್ನು ಮೊದಲೇ ತೂಗಿನೋಡಲು ಅಮೆರಿಕದ ಸಂಸತ್ತು 1972ರಲ್ಲೇ ಒಂದು ಕಚೇರಿ ಮಾಡಿಕೊಂಡಿತ್ತು, ಖರ್ಚು ಉಳಿಸಲು 1995ರಲ್ಲಿ ಮುಚ್ಚಿದರು. ನಾವು ಅಷ್ಟು ದೂರ ಹೋಗಬೇಕಿಲ್ಲ. ಕಾರ್ಖಾನೆಗಿರುವ ನಿಯಮವನ್ನೇ ಎತ್ತಿ ಸರ್ಕಾರ ಕೊಳ್ಳುವ ತಂತ್ರಾಂಶಕ್ಕೂ ಅನ್ವಯಿಸಿದರಾಯಿತು: ಟೆಂಡರಿಗೆ ಮುಂಚೆ ಕನ್ನಡದಲ್ಲಿ ಸಾರಾಂಶ, 30 ದಿನದ ನೋಟಿಸ್, ತಾಲ್ಲೂಕು ಮಟ್ಟದಲ್ಲಿ ಸಭೆ, ಯಂತ್ರ ಕೈಕೊಟ್ಟಾಗ ಸಹಿ ಹಾಕಿ ಅಕ್ಕಿ ಕೊಡುವ ಅಧಿಕಾರಿಯ ಹೆಸರು. ಕಂಪನಿಗಳು ಬೆಂಗಳೂರಿನಲ್ಲೇ ಇವೆ, ಬಂದು ಉತ್ತರ ಹೇಳಲಿ. ಇದಕ್ಕೊಂದು ಮಸೂದೆ ತರಲು ವಿಧಾನಸಭೆ ದೆಹಲಿಯ ಕಡೆ ನೋಡುತ್ತ ಕೂರಬೇಕಾಗಿಲ್ಲ. ಬರುವ ಅಧಿವೇಶನದಲ್ಲಿ ನಿಮ್ಮ ಶಾಸಕರಿಂದ ಒಂದು ಚುಕ್ಕೆ ಗುರುತಿನ ಪ್ರಶ್ನೆ ಕೇಳಿಸಿ.